ಸಾಲಿ ಮಾಸ್ತರರ ದಿನದ ಪದ್ಯ

ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಪದ್ಯ ಕಟ್ಟುವ ಸಾಲಿ ಮಾಸ್ತರರಿಗೆ ಎಂದೂ ಬರವಿಲ್ಲ. ಬಾರದ ಮಳೆ, ಕುಸಿದ ಕಡಲೆ ದರ, ಹಾಜರಿಯಲ್ಲಿ ಹೆಸರಿದ್ದು ಬೆಂಚಿನ ಮೇಲೆ ಕಾಣದ ಹುಡುಗ, ತಡವಾಗಿ ಬರುವ ಬಸ್ಸು, ಕೈಗೆ ಸೇರುವ ಮುನ್ನವೇ ಕರಗುವ ಪಗಾರ ಇವರ ಪದ್ಯಗಳ ವಸ್ತು. ಸಾಹಿತ್ಯ ಚರಿತ್ರೆಯ ಪುಸ್ತಕಗಳು ಅಚ್ಚಾದ ಸಂಕಲನಗಳನ್ನು ಎಣಿಸುತ್ತವೆ. ಮಾಸ್ತರರ ಪದ್ಯದ ಬಹುಪಾಲು ಅಚ್ಚಿನ ಮನೆಯ ಮುಖವನ್ನೇ ನೋಡಿಲ್ಲವಾದ್ದರಿಂದ ಆ ಎಣಿಕೆಗೆ ಅದು ಸಿಕ್ಕಿಲ್ಲ. ಕವಿಯಾಗಬೇಕೆಂಬ ಹಂಬಲಕ್ಕಿಂತ ಶಾಲೆಯ ದಿನಚರಿಯೇ ಈ ರೂಢಿಯನ್ನು ಹುಟ್ಟಿಸಿತು. ಅದರ ಚರಿತ್ರೆ ಈ ಭಾಗದ ಕನ್ನಡ ಶಾಲೆಗಳ ಚರಿತ್ರೆಯೊಂದಿಗೇ ಸಾಗುತ್ತದೆ.

ಮೂರೂ ತಾಲ್ಲೂಕುಗಳು ಇಂದು ಗದಗ ಜಿಲ್ಲೆಗೆ ಸೇರಿವೆ. 1997ಕ್ಕೆ ಮೊದಲು ಇವು ಧಾರವಾಡ ಜಿಲ್ಲೆಯಲ್ಲಿದ್ದವು. ಗಜೇಂದ್ರಗಡ ರೋಣ ತಾಲ್ಲೂಕಿನಿಂದ ಬೇರೆಯಾಗಿ ತಾನೇ ತಾಲ್ಲೂಕಾದದ್ದು 2018ರಲ್ಲಿ. ನೆಲ ಬಹುಮಟ್ಟಿಗೆ ಎರಿ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿ, ಹತ್ತಿ ಇಲ್ಲಿನ ಬೆಳೆ. ಉತ್ತರದ ಅಂಚಿನಲ್ಲಿ ಮಲಪ್ರಭಾ ಹರಿಯುತ್ತದೆ. ಗಜೇಂದ್ರಗಡದ ಕಡೆಗೆ ಗುಡ್ಡ, ತಾಂಡಾ ಮತ್ತು ನೇಕಾರರ ಮಗ್ಗ. ಮಾಸ್ತರರ ಪದ್ಯಕ್ಕೆ ಮೊದಲೂ ಈ ಊರುಗಳು ಹಾಡಿಲ್ಲದೆ ಇರಲಿಲ್ಲ. ಕಣದಲ್ಲಿ ಹಂತಿ ಪದ, ಬೀಸುವಾಗ ತ್ರಿಪದಿ, ಮೊಹರಮ್ಮಿಗೆ ರಿವಾಯತ, ಹುಣ್ಣಿಮೆಗೆ ಹೋಳಿ ಪದ, ಜಾತ್ರೆಗೆ ಡೊಳ್ಳಿನ ಪದ ಮತ್ತು ಗೀಗೀ ಪದ ಇದ್ದವು. ಊರಲ್ಲಿ ಏನು ನಡೆದರೂ ಹದಿನೈದು ದಿನದೊಳಗೆ ಅದಕ್ಕೊಂದು ಹಾಡು ಹುಟ್ಟುತ್ತಿತ್ತು. ಮಾಸ್ತರರು ಹೊಸದಾಗಿ ತಂದದ್ದು ಬರವಣಿಗೆ.

ಸರಕಾರಿ ಶಾಲೆಗಳಿಗಿಂತ ಮುಂಚೆ ಅಕ್ಷರ ಕಲಿಸುತ್ತಿದ್ದವು ಐಗಳ ಮಠಗಳು ಮತ್ತು ಗಾವಠಿ ಸಾಲಿಗಳು. ಅಲ್ಲಿ ಪುಸ್ತಕ ವಿರಳ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಬೇಕಿತ್ತು, ಮಗ್ಗಿಯನ್ನು ರಾಗ ಹಿಡಿದು ಒಪ್ಪಿಸಬೇಕಿತ್ತು. ಲೆಕ್ಕದ ಸೂತ್ರ, ಅಳತೆ, ತಿಥಿ ವಾರ, ನೀತಿ ಎಲ್ಲವೂ ಪದ್ಯವಾಗಿಯೇ ಬಾಯಿಗೆ ಬರುತ್ತಿದ್ದವು. ಬಾಯಿಪಾಠಕ್ಕೆ ಗದ್ಯ ಒಗ್ಗುವುದಿಲ್ಲ. ಪಾಠಕ್ಕೆ ಬೇಕಾದ ಪದ್ಯ ಸಿಗದಿದ್ದರೆ ಐಗಳೇ ನಾಲ್ಕು ಸಾಲು ಹೊಸೆಯುತ್ತಿದ್ದರು. ಕಲಿಸುವವನೇ ಪದ್ಯ ಕಟ್ಟುವ ವಾಡಿಕೆಗೆ ಇಲ್ಲಿನ ಮೊದಲ ಕಾರಣ ಇದು.

ನರಗುಂದ ಆಗ ಪ್ರತ್ಯೇಕ ಸಂಸ್ಥಾನ. ದತ್ತಕದ ಹಕ್ಕು ನಿರಾಕರಿಸಿದ ಬ್ರಿಟಿಷರ ವಿರುದ್ಧ ಅಲ್ಲಿನ ಭಾಸ್ಕರರಾವ ಭಾವೆ, ಅಂದರೆ ಬಾಬಾಸಾಹೇಬ, 1858ರ ಮೇ ತಿಂಗಳಲ್ಲಿ ಬಂಡೆದ್ದರು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು, ಸಂಸ್ಥಾನ ಕಂಪನಿಯ ವಶವಾಯಿತು. ಓದಿನ ಒಲವಿದ್ದ ಈ ದೊರೆ ದೊಡ್ಡದೊಂದು ಸಂಸ್ಕೃತ ಗ್ರಂಥಸಂಗ್ರಹ ಇಟ್ಟುಕೊಂಡಿದ್ದರು. ಬಂಡಾಯದ ಕತೆ ಲಾವಣಿಕಾರರ ಬಾಯಿಗೆ ಬಂದು ಮುಂದೆ ಶಾಲೆಯ ಮಕ್ಕಳ ನಾಟಕಕ್ಕೂ ಇಳಿಯಿತು. ಊರ ಚರಿತ್ರೆಯನ್ನು ಪದ್ಯದಲ್ಲಿ ಹೇಳುವ ಕೆಲಸ ಲಾವಣಿಕಾರನಿಂದ ಮಾಸ್ತರನಿಗೆ ದಾಟಿದ್ದು ಹೀಗೆ.

ಮುಂಬಯಿ ಪ್ರಾಂತದ ಈ ಭಾಗದಲ್ಲಿ ಆಡಳಿತ ಮತ್ತು ಶಿಕ್ಷಣದಲ್ಲಿ ಮರಾಠಿಯ ಕೈ ಮೇಲಾಗಿದ್ದ ಕಾಲವದು. ಕನ್ನಡದ ಹುಡುಗರಿಗೆ ಕನ್ನಡದಲ್ಲೇ ಕಲಿಸಬೇಕೆಂದು ಹಟ ಹಿಡಿದವರಲ್ಲಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರ್ ರಸೆಲ್ ಮತ್ತು ಡೆಪ್ಯುಟಿ ಚೆನ್ನಬಸಪ್ಪನವರ ಹೆಸರು ಮೊದಲು ಬರುತ್ತದೆ. 1867ರಲ್ಲಿ ಧಾರವಾಡದಲ್ಲಿ ಟ್ರೇನಿಂಗ್ ಕಾಲೇಜು ಆರಂಭವಾಯಿತು. ಮುಲ್ಕಿ ಪರೀಕ್ಷೆ ಮುಗಿಸಿದ ಹಳ್ಳಿಯ ಹುಡುಗರು ಅಲ್ಲಿಗೆ ಹೋಗಿ, ವ್ಯಾಕರಣ, ಛಂದಸ್ಸು, ಹಳಗನ್ನಡ ಓದಿ, ಟ್ರೇನ್ಡ್ ಮಾಸ್ತರರಾಗಿ ಹಳ್ಳಿಗೆ ಮರಳಿದರು. ಕಂದ, ಷಟ್ಪದಿಗಳಿಗೆ ಮಾತ್ರೆ ಎಣಿಸಿ ಪ್ರಸ್ತಾರ ಹಾಕುವುದು ಅವರಿಗೆ ಪರೀಕ್ಷೆಯ ವಿಷಯವಾಗಿತ್ತು. ಕುಮಾರವ್ಯಾಸನ ಗದುಗು ಹತ್ತಿರದಲ್ಲೇ ಇತ್ತು. ಅವನ ಭಾರತವನ್ನು ಶ್ರಾವಣದಲ್ಲಿ ಗುಡಿಯ ಕಟ್ಟೆಯ ಮೇಲೆ ಓದಿ ಅರ್ಥ ಹೇಳುವ ಕೆಲಸ ಬಹಳ ಊರುಗಳಲ್ಲಿ ಮಾಸ್ತರರ ಪಾಲಿಗೇ ಬಂತು. ಭಾಮಿನಿಯ ನಡೆ ಕಿವಿಯಲ್ಲಿ ಕೂತವನಿಗೆ ತಾನೂ ಒಂದು ಷಟ್ಪದಿ ಬರೆದು ನೋಡುವ ಮನಸ್ಸಾಗುವುದು ಸಹಜ.

ಬರೆದದ್ದಕ್ಕೆ ಒಂದು ಜಾಗವೂ ಸಿಕ್ಕಿತು. 1860ರ ದಶಕದಲ್ಲಿ ಶಿಕ್ಷಕರಿಗಾಗಿಯೇ ಹೊರಟ ‘ಮಠಪತ್ರಿಕೆ’ ಮುಂದೆ ‘ಶಾಲಾಪತ್ರಕ’ವಾಯಿತು, ವೆಂಕಟ ರಂಗೋ ಕಟ್ಟಿಯವರು ಅದನ್ನು ನಡೆಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, ಅದರ ‘ವಾಗ್ಭೂಷಣ’ 1896ರಲ್ಲಿ ಬಂತು. ದೂರದ ಹಳ್ಳಿಯಲ್ಲಿ ಒಂಟಿಯಾಗಿ ಶಾಲೆ ನಡೆಸುತ್ತಿದ್ದವನಿಗೆ ಟಪಾಲಿನಲ್ಲಿ ಬರುವ ಪತ್ರಿಕೆಯೇ ಹೊರಗಿನ ನಂಟು.

ಈ ಪೀಳಿಗೆಯ ದೊಡ್ಡ ಹೆಸರು ಶಾಂತಕವಿ. ಆ ಹೆಸರಿನಲ್ಲಿ ಬರೆದ ಸಕ್ಕರಿ ಬಾಳಾಚಾರ್ಯರು 1856ರಲ್ಲಿ ಹಿರೇಕೆರೂರು ಸೀಮೆಯ ಸಾತೇನಹಳ್ಳಿಯಲ್ಲಿ ಹುಟ್ಟಿದವರು, ವೃತ್ತಿಯಿಂದ ಪ್ರಾಥಮಿಕ ಶಾಲೆಯ ಶಿಕ್ಷಕರು. ಮರಾಠಿ ನಾಟಕ ಮಂಡಳಿಗಳು ಕನ್ನಡದ ಊರುಗಳಲ್ಲಿ ಹಣ ಬಾಚುತ್ತಿದ್ದುದನ್ನು ಕಂಡು, 1870ರ ದಶಕದಲ್ಲಿ ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ‘ಉಷಾಹರಣ’ ಮೊದಲಾದ ನಾಟಕಗಳನ್ನು ಬರೆದರು, ಕೀರ್ತನೆ ಮಾಡಿದರು, ನಾಡಿನ ಬಗ್ಗೆ ಹಾಡು ಕಟ್ಟಿದರು. 1920ರಲ್ಲಿ ತೀರಿಕೊಂಡರು. ಬಡ ಪಗಾರದ ಮಾಸ್ತರನೊಬ್ಬ ಕವಿಯೂ ನಾಟಕಕಾರನೂ ಆಗಿ ನಾಡಿನ ಮಾನ ಗಳಿಸಬಹುದೆಂದು ಈ ಭಾಗದ ಶಿಕ್ಷಕರಿಗೆ ಅವರು ತೋರಿಸಿಕೊಟ್ಟರು. ಹಳ್ಳಿಯ ನಾಟಕಕ್ಕೆ ಮಾಸ್ತರರೇ ಹಾಡು ಬರೆದು, ಪೇಟಿ ಮಾಸ್ತರನನ್ನು ಕರೆಸಿ, ಎರಡು ತಿಂಗಳು ತಾಲೀಮು ಮಾಡಿಸುವ ಪದ್ಧತಿ ಅಲ್ಲಿಂದ ಬಲವಾಯಿತು.

ಶಾಂತಕವಿಗಿಂತ ಹಿರಿಯರಾದ ಶಿಶುನಾಳ ಶರೀಫರನ್ನೂ (1819–1889) ಇಲ್ಲಿ ನೆನೆಯಬೇಕು. ಅವರು ಸಂತಕವಿಯೆಂದು ಹೆಸರಾದವರು. ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರೆಂಬುದು ಎಷ್ಟೋ ಜನರಿಗೆ ಮರೆತುಹೋಗಿದೆ. ಸೋರುವ ಮನೆ, ಬೀಸುವ ಕಲ್ಲು, ಹೊಲ, ತಂಬಾಕು, ಕೋಳಿ ಎಲ್ಲವೂ ಅವರ ಪದಗಳಿಗೆ ವಸ್ತುವಾದವು. ದಿನದ ಬಾಳಿನಿಂದ ಎತ್ತಿಕೊಂಡ ವಸ್ತುವಿನ ಒಳಗೆ ತತ್ವ ತುಂಬುವ ಶರೀಫರ ಶಕ್ತಿ ಮುಂದಿನ ಮಾಸ್ತರರಲ್ಲಿ ಯಾರಿಗೂ ಅಷ್ಟಾಗಿ ದಕ್ಕಲಿಲ್ಲ. ವಸ್ತುವನ್ನು ಮಾತ್ರ ಅವರು ಬಿಡಲಿಲ್ಲ.

ದಿನದ ಬಾಳು ಹಾಡಾಗುತ್ತಿದ್ದುದಕ್ಕೆ ಬರವಣಿಗೆಯ ಸಾಕ್ಷಿ ಸಿಗುವುದು ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ. ಶಾಸನಗಳ ಸಂಶೋಧಕನೆಂದು ಹೆಸರಾದ ಜಾನ್ ಫೇಯ್ತ್‌ಫುಲ್ ಫ್ಲೀಟ್ 1870ರ ದಶಕದ ಮೊದಲಲ್ಲಿ ಈ ವಿಭಾಗದ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದ. ಅವನು ಕೂಡಿಸಿದ ಕನ್ನಡ ಲಾವಣಿಗಳು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾದವು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಸಂಗ್ಯಾನ ಕೊಲೆ ಇವುಗಳ ಜೊತೆಗೆ ಆದಾಯ ತೆರಿಗೆ ಮೊದಲ ಸಲ ಬಂದಾಗ ಜನ ಪಟ್ಟ ಪಾಡಿನ ಮೇಲೂ ಒಂದು ಲಾವಣಿ ಅದರಲ್ಲಿದೆ. ತೆರಿಗೆಯ ಮೇಲೆ ಹಾಡು ಕಟ್ಟಿದ ಜನ ನೂರು ವರ್ಷದ ನಂತರ ನೀರಿನ ಕರದ ಮೇಲೆ ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮಾಸ್ತರನೆಂದರೆ ಊರ ಬರವಣಿಗೆಯ ಗುತ್ತಿಗೆದಾರ. ಅರ್ಜಿ, ಕಾಗದ, ಕರಾರು ಪತ್ರ ಬರೆಯುವವನೂ ಅವನೇ, ಪದ್ಯ ಬೇಕಾದಾಗ ಬರೆಯುವವನೂ ಅವನೇ. ಇನ್‌ಸ್ಪೆಕ್ಟರು ಬಂದರೆ ಸ್ವಾಗತ ಗೀತೆ, ವರ್ಗವಾಗಿ ಹೋದರೆ ಬೀಳ್ಕೊಡುವ ಹಾಡು, ಸ್ವಾಮಿಗಳ ಪಟ್ಟಾಧಿಕಾರಕ್ಕೆ ಬಿನ್ನವತ್ತಳೆ, ಮದುವೆಗೆ ವಧೂವರರ ಹೆಸರು ಜೋಡಿಸಿದ ಮಂಗಳಾಷ್ಟಕ, ಹೊಸ ಸೊಸೆಗೆ ಗಂಡನ ಹೆಸರು ಹೇಳಲು ಒಡಪು. ಮಂಗಳಾಷ್ಟಕವನ್ನು ಬಣ್ಣದ ಹಾಳೆಯಲ್ಲಿ ಅಚ್ಚು ಹಾಕಿಸಿ, ಅಕ್ಷತೆ ಬೀಳುವ ಮುನ್ನ ಹಂದರದಲ್ಲಿ ಹಂಚುವುದು ಉಳ್ಳವರ ಮನೆಯ ಠೀವಿ. ಹಾಳೆಯ ಅಡಿಯಲ್ಲಿ ಮಾಸ್ತರರ ಹೆಸರು ಸಣ್ಣಕ್ಷರದಲ್ಲಿ ಇರುತ್ತಿತ್ತು. ಇವರಲ್ಲಿ ಅನೇಕರ ಅಚ್ಚಾದ ಕೃತಿಯೆಂದರೆ ಅದೊಂದೇ. ಇಂಥ ಪದ್ಯಗಳಲ್ಲಿ ಕಾವ್ಯ ಕಡಿಮೆ, ಹೊಗಳಿಕೆ ಹೆಚ್ಚು ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಕೇಳಿದ ಕೂಡಲೇ, ಹೇಳಿದ ಹೊತ್ತಿಗೆ, ಎಲ್ಲರಿಗೂ ಅರ್ಥವಾಗುವಂತೆ ಬರೆಯುವ ಕೈಪಳಗು ಮಾತ್ರ ಇಲ್ಲಿಂದಲೇ ಬಂತು.

ಆ ಕಾಲದ ಮಾಸ್ತರರ ಸ್ಥಾನಮಾನವನ್ನು ರೋಣದ ಒಂದು ಮನೆಯ ಪ್ರಸಂಗ ಚೆನ್ನಾಗಿ ತೋರಿಸುತ್ತದೆ. ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ರೋಣದಲ್ಲಿ. ತಂದೆ ಗುರುರಾಜ ಜೋಶಿ ಶಾಲೆಯ ಶಿಕ್ಷಕರು. ಭಜನೆಯ ಮೇಳ, ಬ್ಯಾಂಡು ಕಂಡರೆ ಹುಡುಗ ಅದರ ಹಿಂದೆಯೇ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದ. ಹುಡುಕಿ ಬೇಸತ್ತ ತಂದೆ, ‘ಜೋಶಿ ಮಾಸ್ತರರ ಮಗ’ ಎಂದು ಅವನ ಅಂಗಿಯ ಮೇಲೆ ಬರೆದರಂತೆ. ವಿಳಾಸಕ್ಕೆ ಅಷ್ಟು ಸಾಕಾಗಿತ್ತು, ಸಿಕ್ಕವರು ಮನೆಗೆ ತಂದು ಬಿಡುತ್ತಿದ್ದರು. ಇದೇ ಮನೆತನದ ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅವರ ಊರು ಗದಗ ಹತ್ತಿರದ ಹೊಂಬಳ. ಅದೇ ಹೊಂಬಳದಲ್ಲಿ 1928ರಲ್ಲಿ ಹುಟ್ಟಿದ ಚೆನ್ನವೀರ ಕಣವಿಯವರ ತಂದೆ ಸಕ್ಕರೆಪ್ಪನವರೂ ಪ್ರಾಥಮಿಕ ಶಾಲೆಯ ಮಾಸ್ತರರೇ.

ನವೋದಯದ ಕಾಲದಲ್ಲಿ ಧಾರವಾಡದ ಕಡೆಯ ಕವಿಗಳಲ್ಲಿ ಎಷ್ಟೋ ಮಂದಿ ಶಿಕ್ಷಕರು. ಬೇಂದ್ರೆಯವರು ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಕಲಿಸಿದವರು. ಡಿ.ಎಸ್. ಕರ್ಕಿ ಹೈಸ್ಕೂಲು ಶಿಕ್ಷಕರಾಗಿದ್ದವರು. ಚಡಚಣದ ಸಿಂಪಿ ಲಿಂಗಣ್ಣ ಮಾಸ್ತರಿಕೆ ಮಾಡುತ್ತಲೇ ಜನಪದ ಹಾಡುಗಳನ್ನು ಕೂಡಿಹಾಕಿದರು. ರಾಣೆಬೆನ್ನೂರಿನಲ್ಲಿ ಹುಟ್ಟಿದ ಸು.ರಂ. ಎಕ್ಕುಂಡಿ ಉತ್ತರ ಕನ್ನಡದ ಬಂಕಿಕೊಡ್ಲದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲು ಶಿಕ್ಷಕರಾಗಿದ್ದು, ‘ಬಕುಲದ ಹೂವುಗಳು’ ಸಂಕಲನಕ್ಕೆ 1992ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಇವರೆಲ್ಲ ಹೆಸರು ಮಾಡಿದವರು. ರೋಣ ತಾಲ್ಲೂಕಿನ ಕುರುಡಗಿಯಿಂದ ಸಂಶೋಧಕ ಆರ್.ಸಿ. ಹಿರೇಮಠ, ಅಬ್ಬಿಗೇರಿಯಿಂದ ವಿಮರ್ಶಕ ಗಿರಡ್ಡಿ ಗೋವಿಂದರಾಜ ಬಂದರು. ಇಂಥವರಿಗೆ ಅಕ್ಷರ ತಿದ್ದಿಸಿದ ಹಳ್ಳಿಯ ಮಾಸ್ತರರ ವಹಿಗಳು ಯಾರ ಕೈಗೂ ಸಿಗದೆ ಹೋದವು.

ದಿನಕ್ಕೊಂದು ಪದ್ಯ ಎಂಬ ಕಟ್ಟಳೆ ಯಾವಾಗ ಬಂತೆಂದು ಕೇಳಿದರೆ ಶಾಲೆಯ ಕಪ್ಪು ಹಲಗೆಯನ್ನೇ ತೋರಿಸಬೇಕಾಗುತ್ತದೆ. ಹೆಡ್ಮಾಸ್ತರರ ಕೋಣೆಯ ಪಕ್ಕದ ಗೋಡೆಯಲ್ಲಿ, ಆಳೆತ್ತರದಲ್ಲಿ, ಸಿಮೆಂಟು ಮೆತ್ತಿ ಕಪ್ಪು ಬಳಿದ ಒಂದು ಚೌಕ. ಮೇಲೆ ಬಿಳಿ ಬಣ್ಣದಲ್ಲಿ ಶಾಲೆಯ ಹೆಸರು, ಬಲಕ್ಕೆ ತಾರೀಖು, ಹಾಜರಿ, ಗೈರುಹಾಜರಿ. ಕೆಳಗೆ ‘ದಿನಕ್ಕೊಂದು ನುಡಿಮುತ್ತು’ ಎಂಬ ಸಾಲು, ಅದರಡಿ ನಾಲ್ಕು ಗೆರೆಯಷ್ಟು ಖಾಲಿ ಜಾಗ. ಪ್ರಾರ್ಥನೆಗೆ ಮುಂಚೆ ಅದನ್ನು ಒರೆಸಿ ಹೊಸದು ಬರೆಯಬೇಕು. ಪ್ರಾರ್ಥನೆ ಮುಗಿದ ಮೇಲೆ ಪಂಚಾಂಗ, ವಾರ್ತೆಗಳ ಜೊತೆಗೆ ಒಬ್ಬ ಹುಡುಗಿ ಅದನ್ನು ಗಟ್ಟಿಯಾಗಿ ಓದಬೇಕು. ಶರಣರ ವಚನ, ಸರ್ವಜ್ಞನ ತ್ರಿಪದಿ, ಗಾದೆಗಳು ಕೆಲವು ತಿಂಗಳಿಗೆ ಸಾಲುತ್ತವೆ. ಅವು ಮುಗಿದಾಗ ಮಾಸ್ತರ ತನ್ನದೇ ನಾಲ್ಕು ಸಾಲು ಬರೆಯುತ್ತಾನೆ. ನಿನ್ನೆ ಊರ ಕೆರೆಗೆ ನೀರು ಬಂದದ್ದು, ಸಂತೆಯಲ್ಲಿ ಉಳ್ಳಾಗಡ್ಡಿಯ ದರ ಬಿದ್ದದ್ದು, ಐದನೇ ಈಯತ್ತೆಯ ಹುಡುಗ ಓಟದಲ್ಲಿ ಗೆದ್ದದ್ದು ಹೀಗೆ ಪದ್ಯಕ್ಕೆ ಬಂದವು. ಮರುದಿನ ಬೆಳಿಗ್ಗೆ ಅದು ಡಸ್ಟರಿಗೆ ಹೋಗುತ್ತದೆ. ಪಾಠ ಟಿಪ್ಪಣಿಯನ್ನು ದಿನವೂ ಬರೆಯಲೇಬೇಕಾದ ಕೆಲಸದಲ್ಲಿರುವವರಿಗೆ ದಿನವೂ ಪದ್ಯ ಬರೆಯುವುದು ಹೊರೆಯೆನಿಸಲಿಲ್ಲ.

ಆ ನಾಲ್ಕು ಗೆರೆಯ ಜಾಗಕ್ಕೆ ಹೇಳಿ ಮಾಡಿಸಿದ ಪ್ರಕಾರವನ್ನು ಜನಪ್ರಿಯಗೊಳಿಸಿದವರು ಅಂಕೋಲಾ ಸೀಮೆಯ ದಿನಕರ ದೇಸಾಯಿ (1909–1982). ಅವರು ಕೆಲಸದಿಂದ ಶಿಕ್ಷಕರಲ್ಲ, ಸಮಾಜಸೇವಕರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಉತ್ತರ ಕನ್ನಡದ ಹಳ್ಳಿಗಳಲ್ಲಿ ಹೈಸ್ಕೂಲು ತೆರೆದರು, ಜೊತೆಗೆ ‘ಜನಸೇವಕ’ ವಾರಪತ್ರಿಕೆ ನಡೆಸಿದರು. ಎರಡೆರಡು ಸಾಲಿಗೆ ಅಂತ್ಯಪ್ರಾಸ, ಮೂರು ಸಾಲು ಸುಮ್ಮನೆ ನಡೆದು ನಾಲ್ಕನೆಯದರಲ್ಲಿ ಚುರುಕು: ಅವರ ಚೌಪದಿಯ, ಅಂದರೆ ಚುಟುಕಿನ, ಹದ ಅದು. ರಾಜಕಾರಣಿಯ ಟೋಪಿ, ಕಚೇರಿಯ ಲಂಚ, ಅಕ್ಕಿಯ ಬೆಲೆ ಯಾವುದಕ್ಕೂ ಅದು ಒಗ್ಗುತ್ತಿತ್ತು, ಪತ್ರಿಕೆಯ ಅಂಕಣದ ಮೂಲೆಯಲ್ಲಿ ಹಿಡಿಸುತ್ತಿತ್ತು. 1943ರಲ್ಲಿ ಬಂದ ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ದ ನಾಲ್ಕು ಸಾಲು ತತ್ವಕ್ಕೆ ಮಾದರಿಯಾದರೆ, ದೇಸಾಯಿಯವರ ನಾಲ್ಕು ಸಾಲು ಸಂತೆ ಬಜಾರಿಗೆ ಮಾದರಿಯಾಯಿತು. ರೋಣ, ನರಗುಂದದ ಮಾಸ್ತರರು ಎರಡನ್ನೂ ಓದಿದರು, ಹೆಚ್ಚಾಗಿ ಹಿಡಿದದ್ದು ಎರಡನೆಯದನ್ನು. ಹುಬ್ಬಳ್ಳಿಯ ಪತ್ರಿಕೆಗಳ ಪುರವಣಿಗಳು, 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಕಾರ್ಯಕ್ರಮಗಳು ಅವರ ಪದ್ಯಗಳನ್ನು ಊರಾಚೆಗೆ ಒಯ್ದವು.

ವಸ್ತು ಹಸನಾದದ್ದಲ್ಲದೆ ಹರಿತವೂ ಆದದ್ದು ನರಗುಂದದಲ್ಲಿ. ಮಲಪ್ರಭಾ ಕಾಲುವೆ ಬಂದ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು, ರೈತರು ಸತ್ತರು. ರಾಜ್ಯದ ರೈತ ಚಳವಳಿಗೆ ಆ ದಿನ ದೊಡ್ಡ ತಿರುವು. ಪ್ರತಿ ವರ್ಷ ಜುಲೈ 21ಕ್ಕೆ ನರಗುಂದದಲ್ಲಿ ಹುತಾತ್ಮ ದಿನ ನಡೆಯುತ್ತದೆ. 2015ರ ಜುಲೈಯಲ್ಲಿ ಮಹದಾಯಿ ನೀರಿಗಾಗಿ ಅದೇ ಊರಿನಲ್ಲಿ ಧರಣಿ ಕೂತಾಗ ಹಾಡು ಮತ್ತು ಪದ್ಯ ವೇದಿಕೆಯ ಭಾಗವಾದವು. ಸರಕಾರಿ ನೌಕರನಿಗೆ ಇಲ್ಲೊಂದು ಇಕ್ಕಟ್ಟು ಇತ್ತು, ಈಗಲೂ ಇದೆ: ರೈತನ ಮಗನಾಗಿ ಬರೆಯದೆ ಇರಲಾರ, ನೌಕರನಾಗಿ ಹೆಸರು ಹಾಕಲಾರ. ಹಾಗಾಗಿ ಅಂಕಿತನಾಮಗಳು ಹೆಚ್ಚಿದವು, ವ್ಯಂಗ್ಯ ಬೆಳೆಯಿತು. ನೇರವಾಗಿ ಬೈಯಲಾಗದ್ದನ್ನು ಮೋಡದ ಮೇಲೆ, ಕಾಲುವೆಯ ಮೇಲೆ ಹಾಕಿ ಹೇಳುವ ಜಾಣತನ ಚುಟುಕುಗಳಲ್ಲಿ ಕಾಣಿಸಿಕೊಂಡಿತು.

ಶಾಲೆಯ ಒಳಗೂ ಪದ್ಯಕ್ಕೆ ಹೊಸ ಬೇಡಿಕೆ ಬಂತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿ 2009ರ ಸುಮಾರಿಗೆ ರಾಜ್ಯದ ಎಲ್ಲ ಸರಕಾರಿ ಶಾಲೆಗಳ ಸಣ್ಣ ತರಗತಿಗಳಿಗೆ ಬಂದಾಗ, ಹಾಡಿಲ್ಲದೆ ಪಾಠವೇ ಇಲ್ಲ ಎನ್ನುವಂತಾಯಿತು. ಕೊಟ್ಟ ಹಾಡು ತಮ್ಮ ಕಡೆಯ ಮಕ್ಕಳ ಮಾತಿಗೆ ಹೊಂದದಿದ್ದರೆ ಶಿಕ್ಷಕಿಯರು ತಾವೇ ಬದಲಿಸಿಕೊಂಡರು. ಈ ಹೊತ್ತಿಗೆ ಪ್ರಾಥಮಿಕ ಶಾಲೆಗಳಲ್ಲಿ ಅಕ್ಕೋರುಗಳ ಸಂಖ್ಯೆ ಏರಿತ್ತು. ಅವರ ಪದ್ಯಗಳಲ್ಲಿ ಅಡಿಗೆಮನೆ, ಬಸ್ಸು, ಕೂಸಿನ ಜ್ವರ, ಸ್ಟಾಫ್ ರೂಮು ಬಂದವು. ಮಾಸ್ತರರ ಪದ್ಯದಲ್ಲಿ ಅಷ್ಟು ಹೊತ್ತು ಇಲ್ಲದಿದ್ದ ಅರ್ಧ ದಿನ ಅದು. ಬಿಸಿಯೂಟ 2002–03ರಲ್ಲಿ ಶುರುವಾದ ಮೇಲೆ ಸಾರಿನ ಉಪ್ಪು, ಅಕ್ಕಿಯ ಲೆಕ್ಕ ಚುಟುಕಿಗೆ ಸೇರಿದವು. ಜನಗಣತಿ, ಚುನಾವಣೆ ಡ್ಯೂಟಿ, ಆನ್‌ಲೈನ್ ಮಾಹಿತಿ ತುಂಬುವ ಕಾಟ ಇಂದಿಗೂ ಬತ್ತದ ವಸ್ತು. ಗಜೇಂದ್ರಗಡ, ರೋಣದ ಕಡೆಯಿಂದ ಮಂಗಳೂರು, ಗೋವಾಕ್ಕೆ ಗುಳೆ ಹೋಗುವ ಕುಟುಂಬಗಳ ಮಕ್ಕಳ ಬಗ್ಗೆ ಬಂದ ಪದ್ಯಗಳು ಈ ಗುಂಪಿನಲ್ಲೇ ಉತ್ತಮವಾದವು. ಖಾಲಿ ಬೆಂಚನ್ನು ದಿನವೂ ನೋಡುವವನಿಗೆ ಅದರ ಬಗ್ಗೆ ಸುಳ್ಳು ಬರೆಯಲು ಆಗುವುದಿಲ್ಲ.

2010ರ ಫೆಬ್ರುವರಿಯಲ್ಲಿ ಗದುಗಿನಲ್ಲಿ 76ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ತಾಲ್ಲೂಕು ಸಮ್ಮೇಳನಗಳು, ದತ್ತಿ ಉಪನ್ಯಾಸಗಳು, ರಾಜ್ಯೋತ್ಸವ, ಜಾತ್ರೆ ಎಲ್ಲ ಕಡೆಯೂ ಕವಿಗೋಷ್ಠಿ ಇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಿಕ್ಷಕರೇ ಇರುತ್ತಾರೆ. ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ವೇದಿಕೆಗೆಂದು ಬರೆದ ಪದ್ಯ ಕನ್ನಡಾಂಬೆ, ಗುರು, ತಾಯಿ ಎಂದು ಉಬ್ಬುತ್ತದೆ. ಹಲಗೆಗೆಂದು ಬರೆದದ್ದು ಊರಿನ ಹೆಸರು ಹಿಡಿದು ಮಾತಾಡುತ್ತದೆ. ಎರಡನ್ನೂ ಒಬ್ಬರೇ ಬರೆದಾಗಲೂ ವ್ಯತ್ಯಾಸ ಎದ್ದು ಕಾಣುತ್ತದೆ.

ಮೊಬೈಲ್ ಬಂದ ಮೇಲೆ ಹಲಗೆಯ ಕೆಲಸ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಕ್ಲಸ್ಟರ್ ಗುಂಪು, ಗೆಳೆಯರ ಗುಂಪು, ಹಳೆಯ ವಿದ್ಯಾರ್ಥಿಗಳ ಗುಂಪು, ಎಲ್ಲದಕ್ಕೂ ಬೆಳಿಗ್ಗೆ ಶುಭೋದಯದೊಂದಿಗೆ ಒಂದು ಚುಟುಕು. 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ಹೊಳೆಆಲೂರು, ಕೊಣ್ಣೂರು ಸುತ್ತಲ ಹಳ್ಳಿಗಳಿಗೆ ನೀರು ನುಗ್ಗಿ, ಶಾಲೆಗಳೇ ಗಂಜಿ ಕೇಂದ್ರಗಳಾದಾಗ, 2020ರಲ್ಲಿ ಕೊರೊನಾ ಕಾಲದ ವಿದ್ಯಾಗಮದಲ್ಲಿ ಗುಡಿಯ ಕಟ್ಟೆ, ಮರದ ನೆರಳಲ್ಲಿ ಪಾಠ ನಡೆದಾಗ ಇಂಥ ಪದ್ಯಗಳು ರಾಶಿಯಾಗಿ ಬಂದವು. ಪತ್ರಿಕೆಯ ವರದಿಯಲ್ಲಿ ಇಲ್ಲದ ಸಣ್ಣ ವಿವರಗಳು ಅವುಗಳಲ್ಲಿದ್ದವು. ಹಲಗೆಯ ಪದ್ಯಕ್ಕೆ ಒಂದು ದಿನದ ಆಯುಷ್ಯ ಇತ್ತು. ಮೊಬೈಲಿನದಕ್ಕೆ ಅಷ್ಟೂ ಇಲ್ಲ. ಹೊಸ ಸಂದೇಶ ಬಂದು ಹಳೆಯದನ್ನು ಮೇಲಕ್ಕೆ ತಳ್ಳುತ್ತದೆ, ಫೋನು ತುಂಬಿದಾಗ ಅಳಿಸಿಹಾಕುತ್ತಾರೆ.

ಈ ಪದ್ಯಗಳಲ್ಲಿ ಬಹಳಷ್ಟು ಕಾವ್ಯವಾಗಿ ನಿಲ್ಲುವುದಿಲ್ಲ. ಪ್ರಾಸಕ್ಕಾಗಿ ಅರ್ಥ ಬಿಟ್ಟವು, ಕೊನೆಯ ಸಾಲಿನಲ್ಲಿ ಬುದ್ಧಿ ಹೇಳಿ ಕೆಟ್ಟವು ನೂರಕ್ಕೆ ಎಂಬತ್ತಾದರೂ ಇರಬಹುದು. ಆದರೆ ಮಳೆ ಯಾವ ನಕ್ಷತ್ರದಲ್ಲಿ ಕೈಕೊಟ್ಟಿತು, ಯಾವ ವರ್ಷ ಮಕ್ಕಳು ಬರಿಗಾಲಲ್ಲಿ ಬರುವುದು ನಿಂತಿತು, ಊರಿಗೆ ಬಸ್ಸು ಯಾವಾಗ ಬಂತು ಎಂಬುದನ್ನು ತಾರೀಖಿನೊಂದಿಗೆ ಬರೆದಿಟ್ಟ ದಾಖಲೆ, ಅಳಿಯದೆ ವಹಿಗಳಲ್ಲಿ ಉಳಿದ ಈ ಪದ್ಯಗಳನ್ನು ಬಿಟ್ಟರೆ, ಈ ಹಳ್ಳಿಗಳಲ್ಲಿ ಇನ್ನೊಂದು ಸಿಗುವುದು ಕಷ್ಟ. ಈ ಭಾಗದ ಅನೇಕ ಕನ್ನಡ ಶಾಲೆಗಳು ನೂರು ವರ್ಷ ದಾಟಿವೆ, ಕೆಲವು ಶತಮಾನೋತ್ಸವದ ಸ್ಮರಣ ಸಂಚಿಕೆ ತಂದಿವೆ. ಮುಂದೆ ಸಂಚಿಕೆ ತರುವವರು ಗಣ್ಯರ ಭಾವಚಿತ್ರಗಳಿಗೆ ಮೀಸಲಿಡುವ ಪುಟಗಳಲ್ಲಿ ಹತ್ತನ್ನಾದರೂ ಮಾಸ್ತರರ, ಅಕ್ಕೋರುಗಳ ಪದ್ಯಕ್ಕೆ ಬಿಡಲಿ, ನಿವೃತ್ತರ ಮನೆಗಳಿಂದ ಹಳೆಯ ವಹಿಗಳನ್ನು ಕೇಳಿ ತಂದು ಊರ ಗ್ರಂಥಾಲಯದಲ್ಲಿ ಇಡಲಿ.